ಬೇರೆ ಬುರುಡೆ

ಏಪ್ರಿಲ್ 3, 1954, ಶನಿವಾರ

ನಾಳೆಯ ರೈಲಿಗೆ ಎರ್ಸಿಲಿಯಾ ಬರುತ್ತಾಳೆ. ಕೊರ್ದೊಬಾ ಬೆಟ್ಟದ ಕ್ಷಯದ ಆಸ್ಪತ್ರೆಯಲ್ಲಿ ಎರಡು ಚಳಿಗಾಲ ಕಳೆದಳು. ಎದೆ ಪೂರ್ತಿ ಶುದ್ಧವಾಗಿದೆ ಎಂದು ದೊಡ್ಡ ಡಾಕ್ಟರರೇ ಹೇಳಿದ್ದಾರಂತೆ. ತಮ್ಮ ನಿಕಾನೋರ್ ಇದನ್ನು ಊಟಕ್ಕೆ ಕೂರುವಾಗಲೂ ಹೇಳಿದ, ಏಳುವಾಗಲೂ ಹೇಳಿದ. ಹೆಂಡತಿ ಬರುವುದು ನಾಳೆ, ಇವನು ಗಡ್ಡ ಬೋಳಿಸಿಕೊಂಡದ್ದು ಇವತ್ತು.

ಅಮ್ಮನ ಬೆಳ್ಳಿ ಕೊಳವೆಯನ್ನು ಬೂದಿ ಹಾಕಿ ತಿಕ್ಕಿ ತೊಳೆದೆ. ಮಾಟೆ ಸೊಪ್ಪಿಗೆ ಬಿಸಿನೀರು ಹುಯ್ದು ಆ ಕೊಳವೆಯಲ್ಲಿ ಹೀರುವ ಸೋರೆಬುರುಡೆಯನ್ನು ಬಿಸಿಲಿಗಿಟ್ಟು ಒಣಗಿಸಿದೆ. ಈ ಮನೆಯಲ್ಲಿ ಇರುವುದು ಒಂದೇ ಬುರುಡೆ, ಒಂದೇ ಕೊಳವೆ. ಅಜ್ಜಿ ಕುಡಿದದ್ದು ಅದರಲ್ಲೇ. ಅಪ್ಪ ಸಾಯುವ ದಿನ ತುಟಿ ಒದ್ದೆ ಮಾಡಿಕೊಂಡದ್ದೂ ಅದರಲ್ಲೇ. ಎಂಜಲು ಎನ್ನುವ ಮಾತು ಈ ಅಡುಗೆಮನೆಯಲ್ಲಿ ಯಾರ ಬಾಯಿಂದಲೂ ಬಂದದ್ದು ನನಗೆ ನೆನಪಿಲ್ಲ. ಅಮ್ಮ ಹೋದ ಮೇಲೆ ನೀರು ಹುಯ್ಯುವ ಕುರ್ಚಿ ನನ್ನದು. ಮೊದಲ ಬುರುಡೆಯನ್ನು ಹುಯ್ಯುವವಳೇ ಕುಡಿಯಬೇಕು. ಧೂಳು, ಒಗರು ಎಲ್ಲ ಅದರಲ್ಲಿ ಹೋಗುತ್ತದೆ. ಎರಡನೆಯದು, ನೊರೆ ಎದ್ದದ್ದು, ನಾಳೆ ಎರ್ಸಿಲಿಯಾಳಿಗೆ. ಅದು ಆಗಲೇ ನಿಶ್ಚಯ.

ಎರ್ಸಿಲಿಯಾಳ ಮಗಳು ಇವತ್ತೂ ನಿದ್ದೆಗಣ್ಣಿನಲ್ಲಿ ನನ್ನನ್ನು ‘ಅಮ್ಮ’ ಎಂದಳು. ‘ಅತ್ತೆ’ ಎಂದು ತಿದ್ದಿದೆ. ಇರ್ಮಾ ಜಾಣೆ, ತಿದ್ದಿಕೊಂಡಳು.

ಏಪ್ರಿಲ್ 4, ಭಾನುವಾರ

ಬಂದಳು. ಮೈ ತುಂಬಿಕೊಂಡಿದ್ದಾಳೆ, ಕೆನ್ನೆಗೆ ಬಣ್ಣ ಬಂದಿದೆ. ಕೂದಲು ಮಾತ್ರ ಗಂಡುಹುಡುಗರಂತೆ ಗಿಡ್ಡ. ಇರ್ಮಾ ನನ್ನ ಲಂಗದ ಹಿಂದೆ ಅವಿತುಕೊಂಡಳು. “ನಾಚ್ಕೆ” ಎಂದೆ. “ಇರ್ಲಿ ಬಿಡಕ್ಕ, ನಂಗೂ ನಾಚ್ಕೆ ಆಗ್ತಿದೆ” ಎಂದು ಎರ್ಸಿಲಿಯಾ ನಕ್ಕಳು.

ಒಲೆಯ ಸುತ್ತ ಕುರ್ಚಿ ಹಾಕಿಕೊಂಡು ಕೂತೆವು. ನೀರು ಕುದಿಯುವ ಮುಂಚೆಯೇ ಕೆಟಲ್ ಇಳಿಸಿ, ನನ್ನದನ್ನು ಕುಡಿದು ಮುಗಿಸಿ, ಎರಡನೆಯದನ್ನು ಅವಳ ಕೈಗೆ ಕೊಟ್ಟೆ. ಕಣ್ಣು ಮುಚ್ಚಿಕೊಂಡು ಹೀರಿದಳು. ತಳದಲ್ಲಿ ಕೊಳವೆ ಗೊರ್ ಎನ್ನುವವರೆಗೂ ಬಿಡಲಿಲ್ಲ.

“ಅಯ್ಯೋ ಅಕ್ಕ, ಔಷಧಿ ಅವರ್ದು ಇರಬಹುದು, ಬದುಕಿದ್ದು ಮಾತ್ರ ಇದನ್ನ ನೆನೆಸ್ಕೊಂಡು.”

“ಅಲ್ಲಿ ಕೊಡ್ತಿರಲಿಲ್ವಾ?”

“ಕೊಡದೆ ಏನು? ಇಡೀ ವಾರ್ಡಿಗೆ ಒಂದೇ ಬುರುಡೆ. ಎಲ್ಲರ್ಗೂ ಒಂದೇ ರೋಗ, ಇನ್ನು ಹೆದರೋದು ಯಾರಿಗೆ!” ಎಂದು ಜೋರಾಗಿ ನಕ್ಕಳು. ನಗು ಮುಗಿಯುವಾಗ ಗಂಟಲು ಸರಿಮಾಡಿಕೊಂಡಳು. ಕೆಮ್ಮಲ್ಲ. ಗಂಟಲು ಸರಿಮಾಡಿಕೊಂಡದ್ದು, ಅಷ್ಟೆ.

ಬುರುಡೆ ನನ್ನ ಕೈಗೆ ವಾಪಸ್ಸು ಬಂತು. ತುಂಬಿ ನಿಕಾನೋರ್‌ಗೆ ಕೊಟ್ಟೆ. ಅವನು ಕುಡಿದ. ಮತ್ತೆ ನನ್ನ ಸರದಿ. ಕೊಳವೆಯ ತುದಿ ಹೊಳೆಯುತ್ತಿತ್ತು. ನೀರು ಹುಯ್ದುಕೊಂಡೆ, ಅವರಿಬ್ಬರೂ ಇರ್ಮಾಳ ಹಲ್ಲು ಬಿದ್ದ ಜಾಗ ನೋಡುತ್ತಿದ್ದಾಗ ತೊಳೆಯುವ ಬಕೆಟ್ಟಿಗೆ ಸುರಿದೆ. ಯಾಕೆ ಹಾಗೆ ಮಾಡಿದೆನೋ ತಿಳಿಯದು. ಹೊಟ್ಟೆ ತುಂಬಿತ್ತು ಅಂತ ಕಾಣುತ್ತದೆ.

ಏಪ್ರಿಲ್ 9, ಶುಕ್ರವಾರ

ಪಕ್ಕದ ಮನೆಯ ಪ್ರುದೆನ್ಸಿಯಾ ಬಂದಿದ್ದಳು. ನಮ್ಮ ಕೆಟಲಿನ ತಳ ಕಾಣುವವರೆಗೂ ಎದ್ದು ಹೋಗುವ ಹೆಂಗಸಲ್ಲ. ಇವತ್ತು ಎರ್ಸಿಲಿಯಾಳ ನಂತರ ಅವಳ ಸರದಿ. ಬುರುಡೆ ಮುಂದೆ ಹಿಡಿದರೆ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, “ಬೇಡ ಕಣೆ ದೆಲ್ಮಿರಾ, ಬೆಳಗ್ಗಿಂದ ಹೊಟ್ಟೆ ಸರಿ ಇಲ್ಲ” ಎಂದಳು. ಆಮೇಲೆ ಹಂದಿಕೊಬ್ಬಿನಲ್ಲಿ ಕರಿದ ರೊಟ್ಟಿಗಳನ್ನು ಒಂದರ ಹಿಂದೊಂದು ತಿಂದಳು.

ಗೇಟಿನವರೆಗೆ ಬಿಡಲು ಹೋದಾಗ ತೋಳು ಹಿಡಿದುಕೊಂಡಳು.

“ನಾನೇನೂ ಅನ್ನಲ್ಲಮ್ಮ. ವಾಸಿ ಆಗಿದೆ ಅಂತಾರೆ, ಆಗಿರುತ್ತೆ. ಬೆಳ್ಳಿ ಬಿಸಿಯಾದ್ರೆ ಏನಿದ್ರೂ ಸಾಯುತ್ತೆ ಅಂತಾನೂ ಅಂತಾರೆ. ಅಂತಾರೆ. ಆದ್ರೆ ನಿಂಗೆ ಒಂದು ಮಗು ಇದೆ ಮನೇಲಿ.”

‘ನಿಂಗೆ’ ಎಂದಳು. ಅವಳು ಮಾತಾಡುವ ರೀತಿಯೇ ಹಾಗೆ. ತಿದ್ದುತ್ತಾ ನಿಂತರೆ ಒಲೆಯ ಮೇಲಿನ ಸಾರು ಸೀಯುತ್ತಿತ್ತು.

ಏಪ್ರಿಲ್ 13, ಮಂಗಳವಾರ

ಇವತ್ತು ಎರ್ಸಿಲಿಯಾಳಿಗೆ ಅಮ್ಮನ ಹೂವಿನ ಕಪ್ಪಿನಲ್ಲಿ ಚಹಾ ಮಾಡಿಕೊಟ್ಟೆ. ನಿಂಬೆ ಹಿಂಡಿ, ಸಕ್ಕರೆ ಹಾಕಿ, ಒಳ್ಳೆಯ ಚಹಾ.

ಕಪ್ಪನ್ನು ನೋಡಿದಳು, ನನ್ನನ್ನು ನೋಡಿದಳು. “ನಂಗೇನಾಗಿದೆ ಅಕ್ಕಾ?”

ನಮ್ಮಲ್ಲಿ ಚಹಾ ಕೊಡುವುದು ಭೇದಿಯಾದವರಿಗೆ, ಜ್ವರ ಬಂದವರಿಗೆ, ಬಾಣಂತಿಗೆ. ನನಗೂ ಗೊತ್ತು.

“ಮಾಟೆ ತೀಕ್ಷ್ಣ. ನಿನ್ನ ಎದೆಗೆ ಇದೇ ಹಿತ.”

“ಕುಡಿ ಮಾರಾಯ್ತಿ, ಅಕ್ಕ ಪ್ರೀತಿಯಿಂದ ಮಾಡಿದ್ದಾಳೆ” ಎಂದ ನಿಕಾನೋರ್.

ಕುಡಿದಳು. ಕಪ್ಪಿಗೆ ಕೈ ಚಾಚಿದ ಇರ್ಮಾಳನ್ನು ನಾನು ಮಡಿಲಿಗೆ ಎಳೆದುಕೊಂಡೆ. ಎರ್ಸಿಲಿಯಾ ಅದನ್ನು ನೋಡಿದಳೋ ಇಲ್ಲವೋ. ಬುರುಡೆ ನಮ್ಮ ಮೂವರ ನಡುವೆ ತಿರುಗಿತು, ನನಗೆ ಒಂದೆರಡು ಗುಟುಕು, ಮಗುವಿಗೆ ಹಾಲು ಹಾಕಿದ್ದು. ಎಷ್ಟೋ ದಿನದ ಮೇಲೆ ನಾನು ನಿರಾಳವಾಗಿ ಕುಡಿದೆ.

ಏಪ್ರಿಲ್ 20, ಮಂಗಳವಾರ

ಈಸ್ಟರ್ ಮುಗಿಯಿತು. ಇಷ್ಟು ದಿನ ಚಹಾ ಕುಡಿದವಳು ನಿನ್ನೆ ಕಪ್ಪನ್ನು ಮೆಲ್ಲಗೆ ತಳ್ಳಿ, “ಅಕ್ಕಾ, ನಂಗೆ ಮಾಟೆ ಬೇಕು” ಎಂದಳು. ಮಕ್ಕಳು ಕೇಳುವ ಹಾಗೆ.

ಇವತ್ತು ಪೇಟೆಯಿಂದ ಅವಳಿಗೆಂದೇ ಒಂದು ಹೊಸ ಬುರುಡೆ ತಂದೆ. ನಮ್ಮದಕ್ಕಿಂತ ದೊಡ್ಡದು, ಕಂಠದ ಸುತ್ತ ಹೂಬಳ್ಳಿ ಕೆತ್ತಿದ್ದಾರೆ. ಜತೆಗೆ ತಗಡಿನ ಕೊಳವೆ. ಹೊಸ ಬುರುಡೆಯನ್ನು ಪಳಗಿಸಬೇಕು: ಒದ್ದೆ ಸೊಪ್ಪು ತುಂಬಿ ಒಂದು ದಿನ ಇಟ್ಟು, ಒಳಗಿನ ತಿರುಳನ್ನು ಚಮಚದಲ್ಲಿ ಕೆರೆದು, ಮತ್ತೆ ತುಂಬಿ ಇಡಬೇಕು. ಇಲ್ಲವಾದರೆ ಹಸಿ ಸೋರೆಯ ಕಹಿ, ಬಾಯಿಗಿಡಲು ಆಗದು. ಕಂಡವರ ಮದುವೆಗೆ ಕೊಡುವ ಬುರುಡೆಯನ್ನೂ ನಾನು ಪಳಗಿಸಿಯೇ ಕೊಡುತ್ತಿದ್ದೆ. ಇದನ್ನು ಹಾಗೆಯೇ ಕೊಟ್ಟೆ. ಅವಳಿಗೆ ದಿನವಿಡೀ ಬಿಡುವು, ಮಾಡಿಕೊಳ್ಳಲಿ.

ಎರಡೂ ಕೈಯಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿ ನೋಡಿದಳು. “ಚೆನ್ನಾಗಿದೆ.” ಹೋಗಿ ಅಡುಗೆಮನೆಯ ಕಿಟಕಿಯಲ್ಲಿಟ್ಟು ಬಂದು ತನ್ನ ಕುರ್ಚಿಯಲ್ಲಿ ಕೂತಳು. ಕೈ ಖಾಲಿ. ನಮ್ಮ ಬುರುಡೆ ಅವಳ ಮೊಣಕಾಲಿನ ಮುಂದಿನಿಂದಲೇ ಹೋಗುತ್ತಿತ್ತು, ಬರುತ್ತಿತ್ತು. ಅದು ಹೋದ ಕಡೆಯೆಲ್ಲ ಅವಳ ಕಣ್ಣು.

ಮೇ 2, ಭಾನುವಾರ

ಬುರುಡೆ ಇನ್ನೂ ಕಿಟಕಿಯಲ್ಲೇ ಇದೆ. ಒಂದು ಗುಟುಕೂ ಕುಡಿದಿಲ್ಲ. ಹಟ. ದಿನವೂ ಬಂದು ಕೂರುತ್ತಾಳೆ, ನೀರು ಕುಡಿಯುತ್ತಾಳೆ.

ಅವಳು ಬಟ್ಟೆ ಒಣಹಾಕಲು ಹೋದಾಗ ನಿಕಾನೋರ್ ಬಾಯಿ ಬಿಟ್ಟ. “ಡಾಕ್ಟರು ಹೇಳಿದಾರಲ್ಲ ಅಕ್ಕಾ. ಒಂದೇ ಬುರುಡೇಲಿ ಕುಡಿದ್ರೆ ಏನೂ ಆಗಲ್ಲ ಅಂತ. ನಾನೇ ಕೇಳ್ದೆ ಅವರನ್ನ.”

“ನಾನೇನು ಬೇಡ ಅಂದ್ನಾ? ನಾಳೆಯಿಂದ ಅವಳು ಕುಡಿದಿದ್ದನ್ನ ನೇರವಾಗಿ ನಿಂಗೆ ತುಂಬಿಕೊಡ್ತೀನಿ. ಆಮೇಲೆ ಅದನ್ನೇ ಮಗೂಗೂ ಕೊಡು, ನಿನ್ನ ಕೈಯಾರೆ.”

ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದ. ರೈಲ್ವೆ ವರ್ಕ್‌ಶಾಪಿನಲ್ಲಿ ಇಂಜಿನ್ನಿನ ಹೊಟ್ಟೆಗೆ ಕೈ ಹಾಕುವ ಗಂಡಸು.

ಮೇ 16, ಭಾನುವಾರ

ಎರ್ಸಿಲಿಯಾ ಆಸ್ಪತ್ರೆಯಲ್ಲಿ ಹೊಲಿದ ಬಟ್ಟೆಯ ಗೊಂಬೆಯೊಂದನ್ನು ಇಷ್ಟು ದಿನ ಪೆಟ್ಟಿಗೆಯಲ್ಲೇ ಇಟ್ಟುಕೊಂಡಿದ್ದಳಂತೆ. ಇವತ್ತು ಹೊರಗೆ ತೆಗೆದಳು. ಗುಂಡಿಯ ಕಣ್ಣು, ಉಲ್ಲನ್ನಿನ ಕೂದಲು. ಹುಡುಗಿ ಮೊದಲು ಗೊಂಬೆಗಾಗಿ ಹತ್ತಿರ ಹೋದಳು, ಆಮೇಲೆ ಕತೆಗಾಗಿ ಕೂತಳು, ಆಮೇಲೆ ನೋಡುತ್ತೇನೆ, ತೊಡೆಯ ಮೇಲಿದ್ದಾಳೆ. ಅಂಗಳದ ಹೆಬ್ಬೇವಿನ ಕೆಳಗೆ ಇಬ್ಬರೂ ನಗುತ್ತಿದ್ದರು. ಒಂದೇ ತರಹದ ನಗು. ಅದನ್ನು ನಾನು ಈವರೆಗೆ ಗಮನಿಸಿರಲಿಲ್ಲ.

ಸ್ನಾನಕ್ಕೆ ಕರೆದೆ. ಸ್ನಾನದ ಹೊತ್ತಾಗಿರಲಿಲ್ಲ. ಆದರೂ ನೀರು ಕಾದಿತ್ತು.

ಬೆನ್ನು ಉಜ್ಜುತ್ತಾ ಹೇಳಿದೆ: “ನಿಮ್ಮಮ್ಮನ ಎದೇಲಿ ಸಣ್ಣಸಣ್ಣ ಹುಳ ಇದಾವೆ. ಕಣ್ಣಿಗೆ ಕಾಣಲ್ಲ. ಅವಳು ಮುತ್ತು ಕೊಡೋಕೆ ಬಂದ್ರೆ ಬಾಯಿಗೆ ಕೈ ಅಡ್ಡ ಇಟ್ಕೊ.”

“ಕಚ್ತಾವಾ?”

“ಕಚ್ಚಲ್ಲ. ಕೆಮ್ಮಿಸ್ತಾವೆ. ಕೆಮ್ಮಿದೋರನ್ನ ದೂರದ ಬೆಟ್ಟಕ್ಕೆ ಕರ್ಕೊಂಡು ಹೋಗ್ತಾರೆ.”

“ನಿನ್ನ ಬಿಟ್ಟಾ?”

“ನನ್ನ ಬಿಟ್ಟು.”

ಒಂದು ಸಲ ಹೇಳಿದರೆ ಸಾಕು, ಈ ಹುಡುಗಿ ಮರೆಯುವುದಿಲ್ಲ.

ಜೂನ್ 6, ಭಾನುವಾರ

ಹುಡುಗಿಗೆ ಆರು ತುಂಬಿತು. ಹಾಲಿನ ಕೆನೆ ಹಾಕಿ ಕೇಕು ಮಾಡಿದ್ದೆ. ಪ್ರುದೆನ್ಸಿಯಾ ಬಂದಿದ್ದಳು, ವರ್ಕ್‌ಶಾಪಿನಿಂದ ಎರಡು ಮನೆಯವರು ಬಂದಿದ್ದರು. ಅಡುಗೆಮನೆ ಸಾಲದೆ ಬಾಗಿಲಿನವರೆಗೂ ಕುರ್ಚಿ. ಎರ್ಸಿಲಿಯಾ ನೀಲಿ ಉಡುಪು ಹಾಕಿಕೊಂಡಿದ್ದಳು, ತುಟಿಗೆ ಬಣ್ಣ ಹಚ್ಚಿದ್ದಳು. ಅದು ಬೇಕಿರಲಿಲ್ಲ.

ಬುರುಡೆ ಚೆನ್ನಾಗಿ ತಿರುಗುತ್ತಿತ್ತು. ನಾನು ತುಂಬಿ ನಿಕಾನೋರ್‌ಗೆ ಚಾಚಿದಾಗ ನಡುವೆ ಕೂತಿದ್ದ ಎರ್ಸಿಲಿಯಾ ಕೈ ಎತ್ತಿ ಅದನ್ನು ತೆಗೆದುಕೊಂಡಳು. ಕಸಿದುಕೊಳ್ಳಲಿಲ್ಲ. ತನ್ನದನ್ನು ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡಳು. ಬಾಯಿಗಿಟ್ಟು ಹೀರಿದಳು. ಎಲ್ಲರ ಮಾತು ಒಂದೊಂದಾಗಿ ನಿಂತುಹೋಯಿತು. ಕೊಳವೆ ಗೊರ್ ಎಂದದ್ದು ಇಡೀ ಮನೆಗೆ ಕೇಳಿಸಿತು.

ಬುರುಡೆಯನ್ನು ನನಗೆ ವಾಪಸ್ಸು ಚಾಚಿದಳು. ತುಟಿಯ ಬಣ್ಣ ಬೆಳ್ಳಿಗೆ ಅಂಟಿತ್ತು.

“ತುಂಬಕ್ಕಾ. ಮುಂದಿನ ಸರದಿ ನನ್ನ ಗಂಡನ್ದು.”

ಎಲ್ಲರೂ ನಿಕಾನೋರ್‌ನನ್ನು ನೋಡಿದರು. ಅವನು ಬಾಯಿ ಬಿಟ್ಟು “ಕೊಡಕ್ಕಾ” ಎಂದಿದ್ದರೆ ನಾನು ಕೊಡುತ್ತಿದ್ದೆ. ಖಂಡಿತ ಕೊಡುತ್ತಿದ್ದೆ. ಅವನು ಕೇಕಿನ ತಟ್ಟೆಯನ್ನು ನೋಡುತ್ತಿದ್ದ.

ನಾನು ಎದ್ದೆ. ಬುರುಡೆಯಲ್ಲಿದ್ದ ಸೊಪ್ಪನ್ನೆಲ್ಲ ಬಕೆಟ್ಟಿಗೆ ತಟ್ಟಿದೆ. ಕೆಟಲನ್ನು ಒಲೆಯ ಮೇಲಿಟ್ಟು ನೀರು ಕುದಿಯುವವರೆಗೂ ನಿಂತೆ. ಕುದಿಯುವುದಕ್ಕೆ ಬಹಳ ಹೊತ್ತು ಬೇಕಾಯಿತು. ಕೊಳವೆಯನ್ನು ಇಕ್ಕಳದಲ್ಲಿ ಹಿಡಿದು ಅದರ ಮೇಲೆ ಸುರಿದೆ, ತಿರುಗಿಸಿ ಸುರಿದೆ, ಒಳಗೂ ಸುರಿದೆ. ಬುರುಡೆಯನ್ನೂ ತೊಳೆದೆ. ಹೊಸ ಸೊಪ್ಪು ತುಂಬಿದೆ. ಪ್ರುದೆನ್ಸಿಯಾ ಮಾತ್ರ, “ಕೇಕು ಎಷ್ಟು ಮೆತ್ತಗಾಗಿದೆ, ಮೊಟ್ಟೆ ಎಷ್ಟು ಹಾಕ್ದೆ?” ಎಂದಳು.

ಆಮೇಲೆ ನಿಕಾನೋರ್‌ಗೆ ಕೊಟ್ಟೆ. ಕುಡಿದ.

ಎರ್ಸಿಲಿಯಾ ಅಳುತ್ತಾಳೆ, ಎದ್ದು ಹೋಗುತ್ತಾಳೆ ಎಂದುಕೊಂಡಿದ್ದೆ. ಕೊನೆಯ ನೆಂಟರು ಏಳುವವರೆಗೂ ಬೆನ್ನು ನೆಟ್ಟಗೆ ಕೂತಿದ್ದಳು. ಹೊಸ ಸೊಪ್ಪಿನ ಮಾಟೆ ಬಾಯಿಯವರೆಗೂ ನೊರೆ ಬಂದು ಬಹಳ ಚೆನ್ನಾಗಿತ್ತು. ಎಲ್ಲರೂ ಹೊಗಳಿದರು.

ಜೂನ್ 8, ಮಂಗಳವಾರ

ನಿಕಾನೋರ್ ಎರ್ಸಿಲಿಯಾಳ ಹಾಸಿಗೆಯನ್ನು ಅಂಗಳದಾಚೆಯ ಹೊಲಿಗೆ ಕೋಣೆಗೆ ಹಾಕಿದ. ಅಲ್ಲಿ ಬಿಸಿಲು ಚೆನ್ನಾಗಿ ಬರುತ್ತದೆ ಎಂದು ಅವನೇ ಹೇಳಿದ. ನಾನು ಹೇಳಿದ್ದಲ್ಲ. ಕಂಬಳಿ ಕೊಟ್ಟೆ, ಒಳ್ಳೆಯದನ್ನೇ.

ಜೂನ್ 19, ಶನಿವಾರ

ಇವತ್ತು ನಕ್ಕು ನಕ್ಕು ಸಾಕಾಯಿತು. ಇರ್ಮಾ ಹೆಬ್ಬೇವಿನ ಕೆಳಗೆ ಗೊಂಬೆಗಳನ್ನು ಸುತ್ತ ಕೂರಿಸಿ ಮಾಟೆ ಕೊಡುತ್ತಿದ್ದಳು. ಅಕ್ರೋಟಿನ ಚಿಪ್ಪೇ ಬುರುಡೆ, ಹುಲ್ಲುಕಡ್ಡಿಯೇ ಕೊಳವೆ. ಮೊದಲನೆಯದನ್ನು ತಾನೇ ಕುಡಿದು ಮುಖ ಹುಳ್ಳಗೆ ಮಾಡಿದಳು, ಥೇಟ್ ನನ್ನ ಹಾಗೆ. ಮರದ ಗೊಂಬೆಗೆ ಕೊಟ್ಟಳು, ಹುಲ್ಲಿನ ಕುದುರೆಗೆ ಕೊಟ್ಟಳು. ಬಟ್ಟೆಯ ಗೊಂಬೆಯ ಮುಂದೆ ಬಂದಾಗ ಚಿಪ್ಪನ್ನು ಹಿಂದಕ್ಕೆಳೆದುಕೊಂಡಳು.

“ನಿಂಗಿಲ್ಲ. ನೀನು ಕೆಮ್ತೀಯ.”

ಒಗೆದ ಬಟ್ಟೆಯ ಬುಟ್ಟಿ ಹಿಡಿದು ಎರ್ಸಿಲಿಯಾ ಅಲ್ಲೇ ನಿಂತಿದ್ದಳು. ಬುಟ್ಟಿ ಕೆಳಗಿಟ್ಟು, ಮಂಡಿಯೂರಿ ಕೇಳಿದಳು: “ಪಾಪ, ಅವಳಿಗ್ಯಾಕೆ ಇಲ್ಲ ಮಗಳೇ?”

“ಅವಳಿಗೆ ಬೇರೆ ಇದೆ. ಕಿಟಕೀಲಿದೆ.”

“ಅವಳು ಅದ್ರಲ್ಲಿ ಕುಡಿಯಲ್ವಂತಲ್ಲ.”

“ಹಟ” ಎಂದಳು ಇರ್ಮಾ.

ಆ ಚಿಪ್ಪನ್ನು ಎಷ್ಟು ಅಚ್ಚುಕಟ್ಟಾಗಿ ತೊಳೆದಳೆಂದರೆ! ಯಾರೂ ಹೇಳಿಕೊಟ್ಟದ್ದಲ್ಲ. ನೋಡಿಯೇ ಕಲಿಯುತ್ತಾಳೆ. ಎರ್ಸಿಲಿಯಾ ಬುಟ್ಟಿ ಎತ್ತಿಕೊಂಡು ಬಟ್ಟೆ ಒಣಹಾಕಲು ಹೋದಳು. ಒಂದೊಂದು ಬಟ್ಟೆಯನ್ನೂ ತುಂಬ ಹೊತ್ತು ಕೊಡವುತ್ತಿದ್ದಳು.

ಜೂನ್ 27, ಭಾನುವಾರ

ಹೋದಳು. ಬೆಟ್ಟದ ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಅವಳಿಗೆ ಕೆಲಸವಿದೆಯಂತೆ, ಇರುವುದಕ್ಕೂ ಅಲ್ಲೇ ಜಾಗವಂತೆ. ನಿಕಾನೋರ್ “ಈ ಚಳಿಗಾಲ ಕಳೆದ ಮೇಲೆ ನೋಡೋಣ” ಎಂದ. ಅವಳು ಅವನ ಮುಖವನ್ನೂ ನೋಡಲಿಲ್ಲ, ನನ್ನ ಹತ್ತಿರ ಬಂದಳು.

“ಇರ್ಮಾನ ಕರ್ಕೊಂಡು ಹೋಗ್ತೀನಕ್ಕ.”

“ಕ್ಷಯದ ಆಸ್ಪತ್ರೆಗಾ?”

“ಹತ್ರದಲ್ಲೇ ಊರಿದೆ, ಸ್ಕೂಲಿದೆ. ನಾನು ಅವಳ ತಾಯಿ.”

“ಯಾರು ಅಲ್ಲ ಅಂದ್ರು? ಅವಳನ್ನೇ ಕೇಳು. ಬರ್ತೀನಿ ಅಂದ್ರೆ ನಾನೇ ಬಟ್ಟೆ ಕಟ್ಟಿಕೊಡ್ತೀನಿ.”

ಹೇಳುವುದೇನೋ ಹೇಳಿಬಿಟ್ಟೆ. ಹುಡುಗಿ ಬರುತ್ತೇನೆ ಎಂದುಬಿಟ್ಟಿದ್ದರೆ?

ಎರ್ಸಿಲಿಯಾ ಅಂಗಳದ ಮಣ್ಣಿನಲ್ಲೇ ಕೂತು ತೋಳು ಚಾಚಿದಳು. “ಬರ್ತೀಯಾ ಕಂದಾ? ರೈಲಲ್ಲಿ ಹೋಗೋಣ. ಬೆಟ್ಟ ಇದೆ, ತೊರೆ ಇದೆ.”

ಬೆಟ್ಟ ಎಂದದ್ದೇ ತಡ, ಇರ್ಮಾ ನನ್ನ ಏಪ್ರನ್ನನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಳು. “ನಾನು ಕೆಮ್ಮಲ್ಲ! ನಾನು ಕೆಮ್ಮಲ್ಲ!” ಎಂದು ಕಿರುಚಿದಳು.

ಎರ್ಸಿಲಿಯಾ ಎದ್ದು ಮುತ್ತು ಕೊಡಲು ಬಗ್ಗಿದಳು. ಇರ್ಮಾ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಎರ್ಸಿಲಿಯಾ ಆ ಪುಟ್ಟ ಕೈಯ ಹಿಂಭಾಗಕ್ಕೆ ತುಟಿ ಒತ್ತಿದಳು.

ಗೇಟಿನ ಬಳಿ ತಿರುಗಿ ನಿಂತು ನನಗೆ ಹೇಳಿದಳು: “ನಿನ್ನ ಕೈಯ ಮಾಟೆ ನಿಜವಾಗ್ಲೂ ರುಚಿ ಅಕ್ಕ. ಅದನ್ನ ಸುಳ್ಳು ಅನ್ನೋಕಾಗಲ್ಲ.”

ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡುತ್ತಿದ್ದೆ.

ಹೋದ ಮೇಲೆ ಹುಡುಗಿಯ ಕೈಯನ್ನು ಸೋಪು ಹಾಕಿ ತೊಳೆದೆ. ಅವಳೇ ಕೈ ಮುಂದೆ ಚಾಚಿದಳು. ಯಾರೂ ಎರ್ಸಿಲಿಯಾಳಿಗೆ ಹೋಗು ಎನ್ನಲಿಲ್ಲ. ಈ ಮನೆಯಲ್ಲಿ ಯಾರೂ ಅವಳಿಗೆ ಒಂದು ಗಟ್ಟಿ ಮಾತು ಆಡಿದವರಲ್ಲ.

ಜುಲೈ 4, ಭಾನುವಾರ

ನೆಮ್ಮದಿಯ ದಿನಗಳು. ನನ್ನ ಹುಡುಗಿ ಹಾಲಿನ ಮಾಟೆ ಕುಡಿದು ಬುರುಡೆ ವಾಪಸ್ಸು ಕೊಡುತ್ತಾ, “ಅಮ್ಮಾ, ಇನ್ನೊಂದು” ಎಂದಳು. ಕೈಯಲ್ಲಿ ಕೆಟಲ್ ಇತ್ತು. ಹುಯ್ದೆ.

ಜುಲೈ 22, ಗುರುವಾರ

ದಕ್ಷಿಣದ ಚಳಿಗಾಳಿ ಬೀಸಿ ನನಗೆ ನೆಗಡಿ. ಜತೆಗೆ ಒಂದಿಷ್ಟು ಕೆಮ್ಮು. ಪ್ರತಿ ಜುಲೈನಲ್ಲೂ ಬರುವಂಥದ್ದೇ.

ಸಂಜೆ ಅಡುಗೆಮನೆಗೆ ಹೋದರೆ ನಿಕಾನೋರ್ ನನ್ನ ಕುರ್ಚಿಯಲ್ಲಿ ಕೂತಿದ್ದ. “ಕೆಮ್ಮಿಟ್ಕೊಂಡು ಯಾಕಕ್ಕಾ, ಇವತ್ತು ನಾನು ಹುಯ್ತೀನಿ.” ಪ್ರುದೆನ್ಸಿಯಾ ಇದ್ದಳು, ಇರ್ಮಾ ಇದ್ದಳು. ಉಳಿದದ್ದು ಎರ್ಸಿಲಿಯಾಳ ಕುರ್ಚಿ. ಕೂತೆ.

ನಿಕಾನೋರ್ ತಾನು ಕುಡಿದು ಪ್ರುದೆನ್ಸಿಯಾಗೆ ಕೊಟ್ಟ. ಪ್ರುದೆನ್ಸಿಯಾ ಕುಡಿದು ಅವನಿಗೆ ವಾಪಸ್ಸು ಕೊಟ್ಟಳು. ಅವನು ತುಂಬಿ ಒಂದು ಕ್ಷಣ ನನ್ನನ್ನು ನೋಡಿದ. ಆಗಲೇ ನನಗೆ ಕೆಮ್ಮು ಬಂತು. ಬುರುಡೆಯನ್ನು ತನ್ನ ಬಾಯಿಗೇ ಇಟ್ಟುಕೊಂಡ.

ಇರ್ಮಾ ಸ್ಟೂಲು ಎಳೆದುಕೊಂಡು ಹೋಗಿ ಕಿಟಕಿಗೆ ಹತ್ತಿದಳು. ಹೂಬಳ್ಳಿಯ ಬುರುಡೆಯನ್ನು ಇಳಿಸಿ, ಫ್ರಾಕಿನಲ್ಲಿ ಧೂಳು ಒರೆಸಿದಳು. ಡಬ್ಬಿಯಿಂದ ಸೊಪ್ಪು ತುಂಬಿ, ತಗಡಿನ ಕೊಳವೆ ಚುಚ್ಚಿ, ಜೋಪಾನವಾಗಿ ನಡೆದು ಬಂದು ನನ್ನ ಮಡಿಲಿನಲ್ಲಿಟ್ಟಳು.

“ಅತ್ತೆ, ನಿಂದು ಇದು.”

“ನೋಡೇ, ಎಷ್ಟು ಜಾಣೆ!” ಎಂದಳು ಪ್ರುದೆನ್ಸಿಯಾ.

ಇದು ಬರೀ ನೆಗಡಿ ಎಂದು ಹೇಳಲು ಬಾಯಿ ತೆರೆದೆ. ತೆರೆದ ಕೂಡಲೇ ಇರ್ಮಾ ಅಂಗೈಯಿಂದ ತನ್ನ ಬಾಯಿ ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

ನಿಕಾನೋರ್ ಕೆಟಲನ್ನು ಎತ್ತರದಿಂದ ಬಗ್ಗಿಸಿ, ಅದರ ಮೂತಿ ಬುರುಡೆಗೆ ತಾಗದ ಹಾಗೆ ನೀರು ಹುಯ್ದ. ಎಲ್ಲರೂ ನೋಡುತ್ತಿದ್ದರು, ಕುಡಿಯದೆ ಗತಿಯಿರಲಿಲ್ಲ. ಹಸಿ ಸೋರೆಯ ಕಹಿ. ಯಾರೂ ಪಳಗಿಸಿರಲಿಲ್ಲ.